ಇಜಿಆರ್ ವಾಲ್ವ್ ತೊಳೆಯುವಾಗ ಮೋಟಾರ್ ಮೇಲಿರಲಿ

ಡೀಸೆಲ್ ಕಾರಿನ ಇಜಿಆರ್ ವಾಲ್ವ್ (ಎಂಜಿನ್ ಬಿಟ್ಟ ಹೊಗೆಯಲ್ಲಿ ಒಂದಷ್ಟನ್ನು ವಾಪಸ್ ಎಂಜಿನ್‌ಗೇ ಕಳಿಸುವ ವಾಲ್ವ್) ಬಿಚ್ಚಿ ತೊಳೆಯುವವರು ಅದರ ಮೋಟಾರ್ ಮೇಲಕ್ಕೆ, ಹೊಗೆ ಹೋಗುವ ಬಾಯಿ ಕೆಳಕ್ಕೆ ಬರುವ ಹಾಗೆ ಹಿಡಿದು ಕಾರ್ಬೊರೇಟರ್ ಕ್ಲೀನರ್ ಹೊಡೆಯಿರಿ. ಕರಗಿದ ಕಪ್ಪು ನೀರು ಕೆಳಗೇ ಸುರಿಯುತ್ತದೆ, ಮೋಟಾರಿನ ಒಳಗೆ ಇಳಿಯುವುದಿಲ್ಲ. ಹೊಡೆದ ಕೂಡಲೇ ಉಜ್ಜಬೇಡಿ. ಅಲ್ಲಿ ಕೂತಿರುವುದು ಬರೀ ಮಸಿಯಲ್ಲ, ಎಂಜಿನ್ ಆಯಿಲಿನ ಆವಿ ಸೇರಿ ಡಾಂಬರಿನ ಹಾಗೆ ಅಂಟಿದ ಜಿಡ್ಡು. 15-20 ನಿಮಿಷ ನೆನೆಯಲು ಬಿಟ್ಟರೆ ಹಳೇ ಟೂತ್‌ಬ್ರಷ್‌ಗೇ ಪದರ ಪದರವಾಗಿ ಬಿಡುತ್ತದೆ. ಸ್ಕ್ರೂಡ್ರೈವರ್‌ನಿಂದ ಮಾತ್ರ ಕೆರೆಯಲೇಬೇಡಿ. ವಾಲ್ವ್ ಕೂರುವ ಜಾಗದಲ್ಲಿ ಗೀರು ಬಿದ್ದರೆ ಅದು ಪೂರ್ತಿ ಮುಚ್ಚುವುದಿಲ್ಲ, ಗಾಡಿ ನಿಂತಲ್ಲೇ ಎಂಜಿನ್ ನಡುಗೋಕೆ ಶುರುವಾಗುತ್ತದೆ. ಎಂಜಿನ್ ತಣ್ಣಗಿರಬೇಕು, ಕೈಗೆ ಗ್ಲೌಸ್ ಇರಬೇಕು, ಗಾಳಿಯಾಡುವ ಜಾಗವಾಗಬೇಕು. ಜೋಡಣೆಯ ಸಂದು ಮುಚ್ಚುವ ಗ್ಯಾಸ್ಕೆಟ್ ಹೊಸದೇ ಹಾಕಿ, ಅದರಲ್ಲಿ ಉಳಿಸೋಕೆ ಹೋಗಬೇಡಿ. ಮೋಟಾರ್ ಸುಟ್ಟಿದ್ದರೆ, ಒಳಗಿನ ಗೇರ್ ಹಲ್ಲು ಸವೆದಿದ್ದರೆ ಅಥವಾ ಆ ಹೊಗೆಯನ್ನು ತಣ್ಣಗೆ ಮಾಡುವ ಇಜಿಆರ್ ಕೂಲರೇ ಕಟ್ಟಿಕೊಂಡಿದ್ದರೆ ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಕೆಲವು ಕಾರುಗಳಲ್ಲಿ ವಾಪಸ್ ಕೂರಿಸಿದ ಮೇಲೆ ಸ್ಕ್ಯಾನರ್ ಹಾಕಿ ವಾಲ್ವ್ ಸೆಟ್ ಮಾಡಬೇಕಾಗುತ್ತದೆ, ಬಿಚ್ಚುವ ಮೊದಲೇ ಮೆಕ್ಯಾನಿಕ್ ಹತ್ತಿರ ಕೇಳಿಕೊಳ್ಳಿ.