ಕ್ಯಾತ್ಸಂದ್ರದಲ್ಲಿ ಒಂದೇ ಇಡ್ಲಿ ತಿನ್ನಿ: ತುಮಕೂರು ಕ್ಷೇತ್ರದರ್ಶನಕ್ಕೊಂದು ಹೊಟ್ಟೆಯ ಲೆಕ್ಕ

ತುಮಕೂರಿಗೆ ಬರುವ ನೆಂಟರೆಲ್ಲ ಒಂದೇ ತಪ್ಪು ಮಾಡುತ್ತಾರೆ. ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ಇಳಿದು, ತಟ್ಟೆ ಇಡ್ಲಿಯ ಹಬೆ ಮೂಗಿಗೆ ಬಡಿದ ಕೂಡಲೇ ಮೂರು ಇಡ್ಲಿ, ಎರಡು ವಡೆ, ಮೇಲೊಂದು ಕೇಸರಿಬಾತ್ ಇಳಿಸಿಬಿಡುತ್ತಾರೆ. ಇದೇ ಊರಿನವನಾದ ನಾನೂ ಒಮ್ಮೆ ಹಾಗೆಯೇ ಮಾಡಿದೆ. ಮಧ್ಯಾಹ್ನ ಸಿದ್ಧಗಂಗಾ ಮಠದ ಪಂಕ್ತಿಯಲ್ಲಿ ಕೂತಾಗ ಮುದ್ದೆ ಅರ್ಧಕ್ಕೇ ನಿಂತಿತು. ಪಕ್ಕದಲ್ಲಿದ್ದ ಅಜ್ಜಿ, ‘ಯಾಕಪ್ಪಾ, ಉಣ್ಣಾಕಾಗಲ್ವಾ? ಮೊದ್ಲೇ ಹೇಳಿದ್ರೆ ಅರ್ಧ ಇಕ್ತಿದ್ರಲ್ಲ’ ಅಂದರು. ಬಿಟ್ಟೇಳಲು ಮುಖವಿಲ್ಲ, ನುಂಗಲು ಜಾಗವಿಲ್ಲ. ಸಾರು ಸುರಿದುಕೊಂಡು ಹೇಗೋ ಮುಗಿಸಿದೆ.

ಅಂದಿನಿಂದ ಬಂದವರಿಗೆಲ್ಲ ಹೇಳುವುದು ಇಷ್ಟೇ: ಇಲ್ಲಿ ಹೋಟೆಲಿನ ಹೆಸರು ಕೇಳುವ ಮೊದಲು ಗಡಿಯಾರ ನೋಡಿ, ತಿಂಗಳು ನೋಡಿ.

ಬೆಳಗಿನ ಹೊತ್ತು

ಬೆಂಗಳೂರಿನಿಂದ ತುಮಕೂರು ಸುಮಾರು 70 ಕಿ.ಮೀ. ಕ್ಯಾತ್ಸಂದ್ರ ಊರಿಗೆ ಮೊದಲೇ ಸಿಗುತ್ತದೆ. ಅಲ್ಲೇ ರೈಲು ನಿಲ್ದಾಣವೂ ಇದೆ. ಬಸ್ಸಾದರೆ ಹತ್ತುವಾಗಲೇ ‘ಕ್ಯಾತ್ಸಂದ್ರದಲ್ಲಿ ನಿಲ್ಲಿಸ್ತೀರಾ?’ ಎಂದು ಕಂಡಕ್ಟರ್‌ ಹತ್ತಿರ ಕೇಳಿಕೊಳ್ಳಿ. ಎಂಟು ಗಂಟೆಯೊಳಗೆ, ಬರೀ ಹೊಟ್ಟೆಯಲ್ಲಿ ತಲುಪಿ.

ತಟ್ಟೆ ಇಡ್ಲಿಗೆ ಆ ಹೆಸರು ಬಂದದ್ದು ಅದನ್ನು ಬೇಯಿಸುವ ಚಪ್ಪಟೆ ತಟ್ಟೆಯಿಂದ. ಅಕ್ಕಿ, ಉದ್ದಿನ ಜೊತೆಗೆ ಅವಲಕ್ಕಿಯನ್ನೋ ಸಬ್ಬಕ್ಕಿಯನ್ನೋ ರುಬ್ಬಿ ಸೇರಿಸಿ, ರಾತ್ರಿಯಿಡೀ ಹುದುಗು ಬರಿಸುತ್ತಾರೆ. ಮೆತ್ತಗಿನ ಗುಟ್ಟು ಅದೇ. ಒಂದು ತಟ್ಟೆ ಇಡ್ಲಿ ಮನೆಯ ಎರಡು ಮೂರು ಇಡ್ಲಿಗೆ ಸಮ, ಇದನ್ನು ಮರೆಯಬೇಡಿ. ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು ಮತ್ತೆ ಮೇಲೇಳಬೇಕು, ಮೇಲಿಟ್ಟ ಬೆಣ್ಣೆ ಚಟ್ನಿ ಬರುವಷ್ಟರಲ್ಲಿ ಕರಗಿರಬೇಕು. ಬೆಣ್ಣೆ ಗಟ್ಟಿಯಾಗಿಯೇ ಕೂತಿದ್ದರೆ ಇಡ್ಲಿ ಆರಿದೆ ಅಂತ ಅರ್ಥ. ಸಂಕೋಚ ಬಿಟ್ಟು ‘ಬಿಸೀದು ಕೊಡಿ ಅಣ್ಣಾ’ ಅನ್ನಿ. ಕೆಲವರು ಸಾಂಬಾರಿಗಾಗಿ ಹಟ ಹಿಡಿಯುತ್ತಾರೆ. ಇದು ಕಾಯಿಚಟ್ನಿಯ ಇಡ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ತೆಂಗಿನ ಸೀಮೆಗೆ ಬಂದು ಬೇಳೆ ನೀರು ಕೇಳುವುದೇನು?

ಒಂದು ಇಡ್ಲಿ, ಮನಸ್ಸು ತಡೆಯದಿದ್ದರೆ ಒಂದು ವಡೆ. ಅಲ್ಲಿಗೆ ಕೈತೊಳೆದು ಏಳಿ.

ಹಸಿವು ಮರಳಲು ಬೆಟ್ಟ

ಅಲ್ಲಿಂದ ಮಠಕ್ಕೆ ಆಟೊ ಸಿಗುತ್ತದೆ. ಮೊದಲು ಶಿವಕುಮಾರ ಸ್ವಾಮೀಜಿಯವರ ಗದ್ದುಗೆ. 1907ರ ಏಪ್ರಿಲ್ 1ರಂದು ಹುಟ್ಟಿ 2019ರ ಜನವರಿ 21ರಂದು ಲಿಂಗೈಕ್ಯರಾದವರು. ಇಲ್ಲಿನ ಹಳಬರ ಬಾಯಲ್ಲಿ ಇವತ್ತಿಗೂ ‘ಬುದ್ಧಿಯೋರು’. ಆಮೇಲೆ ಮೆಟ್ಟಿಲು ಹತ್ತಿ ಬೆಟ್ಟದ ಮೇಲಿನ ಸಿದ್ಧಲಿಂಗೇಶ್ವರನನ್ನು ನೋಡಿ. ಬಾಯಾರಿದ ಶಿಷ್ಯನಿಗಾಗಿ ಗೋಸಲ ಸಿದ್ಧೇಶ್ವರರು ಬಂಡೆಗೆ ಮೊಣಕಾಲು ತಾಕಿಸಿದಾಗ ಚಿಮ್ಮಿದ ನೀರೇ ಸಿದ್ಧಗಂಗೆ ಎಂಬುದು ಐತಿಹ್ಯ. ಹತ್ತಿ ಇಳಿಯುವಷ್ಟರಲ್ಲಿ ಇಡ್ಲಿ ಅರ್ಧ ಕರಗಿರುತ್ತದೆ. ಕಾಲು ನೋವಿನವರು ಬೆಟ್ಟ ಬಿಟ್ಟರೂ ಮಠದ ಆವರಣದಲ್ಲೇ ಒಂದು ಸುತ್ತು ಹಾಕಿ.

ದಾಸೋಹ

ಇದನ್ನು ‘ಫ್ರೀ ಊಟ’ ಅನ್ನಬೇಡಿ. ದಾಸೋಹ ಎಂಬ ಮಾತಿನೊಳಗೆ ನೀಡುವವನೇ ದಾಸ. ಇಲ್ಲಿ ಉಳಿದು ಓದುವ ಸುಮಾರು ಹತ್ತು ಸಾವಿರ ಮಕ್ಕಳಿಗೂ, ಬಂದ ಭಕ್ತರಿಗೂ ಇಲ್ಲಿ ಅನ್ನವಾಗುತ್ತದೆ. ರೈತರು ಸುಗ್ಗಿಯಲ್ಲಿ ರಾಗಿ, ಕಾಳು, ತರಕಾರಿ, ತೆಂಗಿನಕಾಯಿ ತಂದು ಒಪ್ಪಿಸುತ್ತಾರೆ. ನೀವೂ ಕಾಣಿಕೆ ಕೊಡಬಹುದು. ಕೊಡದಿದ್ದರೆ ಯಾರೂ ಕೇಳುವುದಿಲ್ಲ.

ಸಾಲಿನಲ್ಲಿ ಮುಂದಿರುವವರು ಏನು ಮಾಡುತ್ತಾರೋ ಅದನ್ನೇ ಮಾಡಿ. ಚಪ್ಪಲಿ ಎಲ್ಲಿ ಬಿಟ್ಟರು, ತಟ್ಟೆ ಎಲ್ಲಿ ತೊಳೆದಿಟ್ಟರು ಎಂದು ಗಮನಿಸಿದರೆ ಸಾಕು, ಯಾರನ್ನೂ ಕೇಳಬೇಕಿಲ್ಲ. ಮುದ್ದೆ ಬಡಿಸಲು ಬಂದಾಗಲೇ ‘ಅರ್ಧ ಸಾಕು’ ಎನ್ನಿ. ಮುದ್ದೆ ಅಭ್ಯಾಸವಿಲ್ಲದವರು ಅಗಿಯಲು ಹೋದರೆ ಹಲ್ಲಿಗೆ ಅಂಟುತ್ತದೆ. ನೆಲ್ಲಿಕಾಯಿ ಗಾತ್ರ ಮುರಿದು, ಸಾರಿನಲ್ಲಿ ಹೊರಳಿಸಿ ನುಂಗಿ. ರಜೆ ದಿನ ಸಾಲು ಉದ್ದ. ಶಿವರಾತ್ರಿ ಜಾತ್ರೆಯಲ್ಲಂತೂ ದನಗಳ ಪರಿಷೆ, ವಸ್ತುಪ್ರದರ್ಶನ ಎಲ್ಲ ಸೇರಿ ಊರೇ ಅಲ್ಲಿರುತ್ತದೆ. ಗಲಾಟೆ ಬೇಡವೆನ್ನುವವರು ವಾರದ ನಡುವೆ ಬನ್ನಿ.

ಮಧ್ಯಾಹ್ನದ ಮೇಲೆ ದೇವರಾಯನದುರ್ಗಕ್ಕೆ ಹೋಗುವವರಿಗೆ ಒಂದೇ ಮಾತು: ಹಣ್ಣುಕಾಯಿ ಚೀಲದೊಳಗಿರಲಿ, ಕೋತಿಗಳಿವೆ. ಶಿರಾ ದಾರಿ ಹಿಡಿದರೆ ಸೀಬಿ ನರಸಿಂಹ. ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಹೊರಟಿದ್ದ ವ್ಯಾಪಾರಿ ಇಲ್ಲಿ ತಂಗಿ, ಬಂಡೆಯ ಮೇಲೆ ಗಡಿಗೆಯಿಟ್ಟು ಕಾಳು ಬೇಯಿಸಿದಾಗ ಅದು ರಕ್ತದ ಬಣ್ಣಕ್ಕೆ ತಿರುಗಿತಂತೆ. ಬಂಡೆಯಲ್ಲಿ ನರಸಿಂಹನಿದ್ದ ಎಂಬುದು ಸ್ಥಳಪುರಾಣ. ಅಡುಗೆಯಿಂದಲೇ ದೇವರು ಸಿಕ್ಕ ಊರು ಎಂದು ನಮ್ಮಮ್ಮ ತಮಾಷೆ ಮಾಡುತ್ತಿದ್ದಳು.

ಬೋರ್ಡಿನಲ್ಲಿ ಬರೆಯದ ಊಟ

ಇನ್ನು ರಾತ್ರಿ. ಈ ಸೀಮೆಯ ನಿಜವಾದ ರುಚಿ ಬಸ್ಸಾರು, ಮಸೊಪ್ಪು, ಹುರುಳಿಕಾಳಿನ ಸಾರುಗಳಲ್ಲಿದೆ, ಹೋಟೆಲ್ ಮೆನುಗಳಲ್ಲಿ ಮಾತ್ರ ಗೋಬಿ ಮಂಚೂರಿಯೇ ಮೇಲೆ. ಬಸ್ಸಾರು ಎಂದರೆ ಸೊಪ್ಪು, ಕಾಳು ಬೇಯಿಸಿ ನೀರು ಬಸಿದು, ಆ ಬಸಿದ ನೀರಿಗೆ ಕಾರ ರುಬ್ಬಿ ಹಾಕಿದ ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆ, ಎರಡು ಅಡುಗೆ, ಒಂದು ಹನಿಯೂ ದಂಡವಿಲ್ಲ. ‘ಇವತ್ತೇನು ಸಾರು?’ ಎಂದು ಕೇಳಿ, ‘ಏನು ಸ್ಪೆಷಲ್?’ ಎಂದರೆ ಪನೀರ್ ಹೆಸರು ಹೇಳುತ್ತಾರೆ.

ಎಚ್ಚರಿಕೆಯೊಂದಿದೆ. ‘ಮುದ್ದೆ ಊಟ’ ಎಂಬ ಬೋರ್ಡು ಎಷ್ಟೋ ಕಡೆ ಮಾಂಸದ ಹೋಟೆಲಿನದು. ಒಳಗೆ ಹೋಗುವ ಮೊದಲೇ ‘ವೆಜ್ ಮಾತ್ರಾನಾ?’ ಎಂದು ವಿಚಾರಿಸಿ. ಈರುಳ್ಳಿ ಬೆಳ್ಳುಳ್ಳಿ ಮುಟ್ಟದವರು ಬಸ್ಸಾರಿನ ಆಸೆ ಬಿಡುವುದೇ ಒಳ್ಳೆಯದು. ಬೆಳ್ಳುಳ್ಳಿಯಿಲ್ಲದ ಬಸ್ಸಾರನ್ನು ನಮ್ಮಲ್ಲಿ ಯಾರೂ ಬಸ್ಸಾರು ಅನ್ನುವುದಿಲ್ಲ.

ಡಿಸೆಂಬರ್, ಜನವರಿಯಲ್ಲಿ ಬಂದರೆ ಅದೃಷ್ಟ, ಆಗ ಸೊಗಡಿನ ಅವರೆಕಾಯಿ. ಹಿತುಕಿದ ಬೇಳೆ ಸಾರು, ಅವರೆಕಾಳಿನ ಉಪ್ಪಿಟ್ಟು ಕೇಳಿ ತಿನ್ನಿ. ಬೇಸಿಗೆಯಿಂದ ಮಳೆ ಹಿಡಿಯುವವರೆಗೆ ಹಲಸು. ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದು ಮರದಿಂದ ಬಂದ ‘ಸಿದ್ದು’ ತಳಿಯ ತೊಳೆ ತಾಮ್ರಗೆಂಪು, ಹಣ್ಣು ಎರಡೂವರೆ ಕಿಲೊ ಆಸುಪಾಸು. ಒಬ್ಬರೇ ಹೊತ್ತೊಯ್ಯಬಹುದಾದ ಹಲಸಿನಹಣ್ಣು ಬೇರೆಲ್ಲಿದೆ?

ಕೊನೆಗೆ ಮನೆಗೆ ಒಯ್ಯಲು ತಿಪಟೂರು ಸೀಮೆಯ ಉಂಡೆ ಕೊಬ್ಬರಿ. ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟು, ನೀರೆಲ್ಲ ಒಳಗೇ ಇಂಗಿ, ಅಲುಗಿಸಿದರೆ ಚಿಪ್ಪಿನೊಳಗೆ ಉಂಡೆ ಲೊಡಲೊಡ ಎನ್ನುವವರೆಗೆ ಕಾದು ಸುಲಿದದ್ದು ಅದು. ಅಂಗಡಿಯಲ್ಲಿ ಒಂದನ್ನು ಒಡೆಸಿ ನೋಡಿ. ಒಳಗೆ ಬೆಳ್ಳಗಿದ್ದು ಬೂಸಲಿನ ವಾಸನೆ ಇಲ್ಲದಿದ್ದರೆ ಕಿಲೊ ಕಟ್ಟಿಸಿ. ಒಡೆಯಲು ಒಪ್ಪದ ಅಂಗಡಿಯಾದರೆ ಪಕ್ಕದ ಅಂಗಡಿಗೆ ನಡೆಯಿರಿ.