ಲಿಂಕ್ ಸ್ಪೀಡ್ ಇಳಿಸಿದೆ, ಪರದೆ ಕಪ್ಪಾಗುವುದು ನಿಂತಿತು

ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ದಿನದಿಂದ ಆಟದ ಮಧ್ಯೆ ಪರದೆ ಕಪ್ಪಾಗುತ್ತಿತ್ತು. ದಾವಣಗೆರೆಯ ಏಪ್ರಿಲ್ ಬಿಸಿಲು ಗೊತ್ತಲ್ವಾ, ಕಾವಿನಿಂದಲೇ ಇರಬೇಕು ಎಂದು ಪಕ್ಕದಲ್ಲಿ ಟೇಬಲ್ ಫ್ಯಾನ್ ಇಟ್ಟೆ. ಡ್ರೈವರ್ ಎರಡು ಸಲ ತೆಗೆದು ಹಾಕಿದೆ. ಸುಮ್ನೆ ಒಂದು ಭಾನುವಾರ ಹಾಳು.

ಕಳ್ಳ ಬೇರೆಯೇ ಇದ್ದ. ಕಾರ್ಡನ್ನು ನೆಟ್ಟಗೆ ನಿಲ್ಲಿಸಲು ಶೋಕಿಗೆ ಹಾಕಿದ್ದ ರೈಸರ್ ಕೇಬಲ್ (ಕಾರ್ಡನ್ನು ಮದರ್‌ಬೋರ್ಡಿನ ಸ್ಲಾಟಿಗೆ ಜೋಡಿಸುವ ಕೇಬಲ್) ಪಿಸಿಐಇ 3.0ದು. ಪಿಸಿಐಇ ಅಂದರೆ ಕಾರ್ಡ್ ಮತ್ತು ಮದರ್‌ಬೋರ್ಡ್ ನಡುವೆ ಡೇಟಾ ಓಡುವ ದಾರಿ. ಕಾರ್ಡ್, ಮದರ್‌ಬೋರ್ಡ್ ಎರಡೂ 4.0. ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಈ ದಾರಿಯ ವೇಗ, ಅಂದರೆ ಲಿಂಕ್ ಸ್ಪೀಡ್, ‘ಆಟೋ’ ಇದ್ದದ್ದರಿಂದ ಅವೆರಡೂ ಪ್ರತಿ ಲೇನಿಗೆ (ಡೇಟಾ ಓಡುವ ಜಾಡಿಗೆ) ಸೆಕೆಂಡಿಗೆ 16 ಗಿಗಾಟ್ರಾನ್ಸ್‌ಫರ್ ವೇಗಕ್ಕೆ ಒಪ್ಪಿಕೊಳ್ಳುತ್ತಿದ್ದವು. 8ಕ್ಕೆ ಮಾಡಿದ ಕೇಬಲ್ ಪಾಪ, ಎಲ್ಲಿಂದ ತಡೆದೀತು?

ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಕೀ ಒತ್ತಿ ಬಯೋಸ್‌ಗೆ ಹೋಗಿ, ಆ ಸ್ಲಾಟಿನ ಲಿಂಕ್ ಸ್ಪೀಡನ್ನು ಜೆನ್ 3 (ಅಂದರೆ 3.0) ಮಾಡಿ ಸೇವ್ ಮಾಡಿದೆ. ಪರದೆಯೇ ಬರದಿದ್ದರೆ, ಪ್ರೊಸೆಸರ್‌ನಲ್ಲೇ ಗ್ರಾಫಿಕ್ಸ್ ಇದ್ದವರು ಮಾನಿಟರ್ ಕೇಬಲನ್ನು ಮದರ್‌ಬೋರ್ಡಿಗೆ ಚುಚ್ಚಿ ನೋಡಬಹುದು.

ಆಮೇಲೆ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಎಂಬ ತಂತ್ರಾಂಶ ತೆರೆದರೆ ಲಿಂಕ್ 1.1 ಎಂದು ತೋರಿಸಿತು. ಎದೆ ಧಸಕ್ಕೆಂದಿತು! ಕೆಲಸವಿಲ್ಲದಾಗ ಕರೆಂಟ್ ಉಳಿಸಲು ಕಾರ್ಡ್ ಹಾಗೆ ಇಳಿಯುತ್ತದೆ, ಅಷ್ಟೇ. ರೆಂಡರ್ ಟೆಸ್ಟ್ ಓಡಿಸಿ ಕಾರ್ಡಿಗೆ ಕೆಲಸ ಕೊಟ್ಟಾಗ 3.0ಗೆ ಏರಿತು. ಆಟದಲ್ಲಿ ನನ್ನ ಕಣ್ಣಿಗೆ ವ್ಯತ್ಯಾಸವೇನೂ ಕಾಣಲಿಲ್ಲ. ಅವತ್ತು ಸಂಜೆ ಮಂಡಕ್ಕಿ ಮಿರ್ಚಿ ಮುಂದಿಟ್ಟುಕೊಂಡು ಮೂರು ಗಂಟೆ ಆಡಿದೆ. ಪರದೆ ಒಮ್ಮೆಯೂ ಆರಲಿಲ್ಲ. ಕೀಬೋರ್ಡಿಗೆ ಮಾತ್ರ ಎಣ್ಣೆ ಮೆತ್ತಿಕೊಂಡಿತು.