ಮಾಡಹಾಗಲ: ಬೀಜಕ್ಕೆ ಗಂಡು ಬಳ್ಳಿ ಆರಿಸುವ ಬಗೆ

ಮಾಡಹಾಗಲದಲ್ಲಿ ಗಂಡು ಬೇರೆ ಬಳ್ಳಿ, ಹೆಣ್ಣು ಬೇರೆ ಬಳ್ಳಿ. ಕಾಯಿ ಬಿಡದ್ದು ಯಾಕೆ ಎಂದು ಗಂಡನ್ನು ಕಿತ್ತೆಸೆಯುವುದು, ಆಮೇಲೆ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಪರಾಗ ಸಿಗದೆ ಮಿಡಿಗಳೆಲ್ಲ ಹಳದಿಯಾಗಿ ಉದುರಿದರೆ ಗೊಬ್ಬರ ಸಾಲಲಿಲ್ಲ ಎನ್ನುವುದು ಉಡುಪಿ, ಮಂಗಳೂರು ಕಡೆಯ ಹಿತ್ತಲುಗಳಲ್ಲಿ ಹೊಸತಲ್ಲ. ಚೌತಿಗೆ ಫಾಗಿಲ ಪೋಡಿ (ಮಾಡಹಾಗಲದ ಬಜ್ಜಿ) ಕರಿಯುವಷ್ಟು ಕಾಯಿ ಸಾಕು ಎಂದಾದರೆ 8–10 ಹೆಣ್ಣು ಬಳ್ಳಿಗೆ ಯಾವುದಾದರೊಂದು ಗಂಡು ನಡೆಯುತ್ತದೆ. ಬೀಜ ಮಾಡಿ ತಳಿ ಸುಧಾರಿಸಲು ಹೊರಟರೆ ಲೆಕ್ಕ ಬೇರೆ. ಸಸಿಯ ಅರ್ಧ ಗುಣ ಗಂಡಿನದು, ಆದರೆ ಕಾಯಿಯ ಗುಣ ಗಂಡಿನ ಮೈಮೇಲೆ ಕಾಣುವುದಿಲ್ಲ.

ಮೊದಲು ಜಾತಿ ಖಚಿತ ಮಾಡಿಕೊಳ್ಳಿ. ಸಣ್ಣ ಕಾಯಿಯ ಕಾಡು ಜಾತಿಯ ಹಳದಿ ಹೂ ಮುಸ್ಸಂಜೆಗೆ ಅರಳುತ್ತದೆ. ಅದರ ವರ್ಣತಂತುಗಳು 28. ದೊಡ್ಡ ಕಾಯಿಯ ಜಾತಿಯದ್ದು ಮಾಸಲು ಹಳದಿ ಹೂ, ನಡುವೆ ಕಪ್ಪು, ಅರಳುವುದು ಬೆಳಿಗ್ಗೆ, ವರ್ಣತಂತು 56. ಇವೆರಡನ್ನು ಕೂಡಿಸಿ ಫಲವತ್ತಾದ ಸಂತಾನ ನಿರೀಕ್ಷಿಸಬೇಡಿ. ಹಾಗಲಕಾಯಿಯ ಪರಾಗವಂತೂ ಇಲ್ಲಿ ಕೆಲಸಕ್ಕೆ ಬಾರದು.

ಬೀಜದಿಂದ ಎದ್ದ ಸಸಿ ಗಂಡೋ ಹೆಣ್ಣೋ ಎಂದು ಎಲೆ ನೋಡಿ ಹೇಳಲಾಗದು. ಮೊಗ್ಗು ಬರಬೇಕು. ಹೆಣ್ಣು ಮೊಗ್ಗಿನ ಬುಡದಲ್ಲಿ ಮೆತ್ತನೆ ಮುಳ್ಳಿನ ಪುಟ್ಟ ಕಾಯಿ ಆಗಲೇ ಇರುತ್ತದೆ. ಗಂಡಿಗೆ ಅದಿಲ್ಲ, ಬದಲಿಗೆ ಮೊಗ್ಗನ್ನು ಬೊಗಸೆಯಂತೆ ಹಿಡಿದ ಅಗಲವಾದ ಎಸಳೆಲೆ ಇರುತ್ತದೆ.

ಆಯ್ಕೆ ಶುರುವಾಗುವುದು ಗಂಡಿನ ತಾಯಿಯಿಂದ. ಹೆಚ್ಚು ಕಾಯಿ ಕೊಟ್ಟ, ಬೀಜ ಬೇಗ ಗಟ್ಟಿಯಾಗದ ಬಳ್ಳಿಯ ಬೀಜದಿಂದ ಹುಟ್ಟಿದ ಗಂಡುಗಳನ್ನೇ ಇಟ್ಟುಕೊಳ್ಳಿ. ನಿಮ್ಮ ಹೆಣ್ಣುಗಳೂ ಅದೇ ತಾಯಿಯ ಮಕ್ಕಳಾದರೆ ಗಂಡನ್ನು ಬೇರೆ ಊರಿನಿಂದ ತನ್ನಿ. ಒಡಹುಟ್ಟಿದವನ್ನೇ ತಲೆಮಾರಿನಿಂದ ತಲೆಮಾರಿಗೆ ಕೂಡಿಸುತ್ತ ಹೋದರೆ ಬಳ್ಳಿ ಬಡವಾಗುತ್ತದೆ.

ಪತ್ತನಾಜೆಯ (ಮೇ ಕೊನೆಯ) ಹೊತ್ತಿಗೆ ನೆಲದೊಳಗಿನ ಗಡ್ಡೆ ಚಿಗುರಿದಾಗಿನಿಂದ ಗಮನಿಸಬೇಕಾದದ್ದು ಮೂರು. ಹೆಣ್ಣಿಗಿಂತ ಕೆಲವು ದಿನ ಮೊದಲೇ ಹೂ ಬಿಟ್ಟು, ಹೆಣ್ಣಿನ ಕೊನೆಯ ಹೂವಿನವರೆಗೂ ಬಿಡುತ್ತಲೇ ಇರುವ ಗಂಡು ಬೇಕು. ಈಗಷ್ಟೇ ಅರಳಿದ ಹೂವನ್ನು ಕಪ್ಪು ಬಟ್ಟೆಗೆ ಒರೆಸಿದರೆ ಹುಡಿ ಚೆನ್ನಾಗಿ ಅಂಟಬೇಕು; ಮಳೆಯಿಲ್ಲದ ಒಣ ದಿನವೂ ಅಂಟದಿದ್ದರೆ ಆ ಬಳ್ಳಿ ಬಿಡಿ. ಎಲೆಯಲ್ಲಿ ಹಸಿರು-ಹಳದಿ ಚಿತ್ತಾರ, ಮುದುರು ಕಂಡರೆ ನಂಜುರೋಗದ (ವೈರಸ್ ರೋಗದ) ಅನುಮಾನ. ಅಂಥದ್ದು ಎಷ್ಟೇ ಹೂ ಬಿಡಲಿ, ಬೇಡ, ಯಾಕೆಂದರೆ ನಂಜು ಗಡ್ಡೆಯಲ್ಲೇ ಮುಂದಿನ ವರ್ಷಕ್ಕೂ ಬರುತ್ತದೆ. ಬರೀ ಸೊಕ್ಕಿ ಬೆಳೆದ ಬಳ್ಳಿಗೂ ಮರುಳಾಗಬೇಡಿ. ಸುಡುಮಣ್ಣು (ಗೊಬ್ಬರವಾಗಿ ಹಾಕುವ ಸುಟ್ಟ ಮಣ್ಣು) ಹೆಚ್ಚು ಬಿದ್ದ ಜಾಗದಲ್ಲಿ ಎಲ್ಲವೂ ಸೊಕ್ಕುತ್ತವೆ. ಹೋಲಿಸುವ ಗಂಡುಗಳನ್ನು ಒಂದೇ ಏರಿಯಲ್ಲಿ, ಒಂದೇ ಗೊಬ್ಬರದಲ್ಲಿ ನೆಡಿ.

ಇಷ್ಟಾದರೂ ಅದು ಅಂದಾಜು. ನಿಜವಾದ ಪರೀಕ್ಷೆ ಆ ಗಂಡಿಗೆ ಹುಟ್ಟಿದ ಹೆಣ್ಣು ಬಳ್ಳಿಗಳಲ್ಲಿ. 3 ಗಂಡುಗಳನ್ನು ಆರಿಸಿ, ಒಂದೇ ಹೆಣ್ಣು ಬಳ್ಳಿಯ ಬೇರೆ ಬೇರೆ ಹೂಗಳಿಗೆ ಅವುಗಳ ಪರಾಗ ಕೊಡಿ. ತಾಯಿ ಒಂದೇ ಆದ್ದರಿಂದ ಒಂದೊಂದು ಗಂಡಿನ ಮಕ್ಕಳ ಗುಂಪುಗಳ ನಡುವೆ ಕಾಣುವ ವ್ಯತ್ಯಾಸ ಹೆಚ್ಚಾಗಿ ತಂದೆಯದು.

ಬೆಳಿಗ್ಗೆ ಅರಳುವ ಜಾತಿಯಾದರೆ ಹಿಂದಿನ ಸಂಜೆಯೇ, ಮುಸ್ಸಂಜೆಯದ್ದಾದರೆ ಮಧ್ಯಾಹ್ನವೇ, ಮರುಹೊತ್ತಿಗೆ ಅರಳಲಿರುವ ಗಂಡು, ಹೆಣ್ಣು ಮೊಗ್ಗುಗಳೆರಡಕ್ಕೂ ಬಟರ್ ಪೇಪರ್ ಚೀಲ ಕಟ್ಟಿ. ಗಂಡಿಗೇಕೆ ಎಂದು ಬಿಡುವವರಿದ್ದಾರೆ. ಹುಳ ತಂದ ಪರಾಗ ಅಲ್ಲೂ ಅಂಟುತ್ತದೆ. ಅರಳಿದೊಡನೆ ಗಂಡು ಹೂ ಕಿತ್ತು, ಎಸಳು ತೆಗೆದು, ಕೇಸರವನ್ನು ಹೆಣ್ಣು ಹೂವಿನ ಶಲಾಕಾಗ್ರಕ್ಕೆ (ನಡುವಿನ, ಪರಾಗ ಹಿಡಿಯುವ ತುದಿಗೆ) ಮೆಲ್ಲಗೆ ಒರೆಸಿ. ಒಂದು ಹೆಣ್ಣಿಗೆ ಒಂದು ಗಂಡು ಹೂ. ಮತ್ತೆ ಚೀಲ ಕಟ್ಟಿ 3 ದಿನ ಬಿಡಿ. ಚೀಟಿಯಲ್ಲಿ ತಾಯಿ, ತಂದೆ, ತಾರೀಕು ಪೆನ್ಸಿಲ್‌ನಲ್ಲೇ ಬರೆಯಿರಿ. ಪೆನ್ನಿನ ಶಾಯಿ ನಮ್ಮ ಮಳೆಗೆ ಒಂದು ವಾರವೂ ಉಳಿಯದು. ಕರಾವಳಿಯಲ್ಲಿ ಹೆಚ್ಚು ಕೆಡುವುದು ಈ ಹಂತವೇ: ನೀರು ತಾಗಿದ ಪರಾಗ ಒಡೆದು ಸಾಯುತ್ತದೆ. ಚಪ್ಪರದ ಒಂದು ಮೂಲೆಗೆ ಪಾರದರ್ಶಕ ಶೀಟು ಹೊದೆಸಿ, ಬೀಜದ ಹೂಗಳನ್ನು ಅಲ್ಲಿಗೇ ಹಬ್ಬಿಸಿ.

ಕೂಡಿಸಿದ ಕಾಯಿ ದಪ್ಪಗಾಯಿತೆಂದು ತಂದೆಗೆ ಅಂಕ ಕೊಡಬೇಡಿ. ತಿರುಳು, ಸಿಪ್ಪೆ ತಾಯಿಯದೇ. ತಂದೆ ಇರುವುದು ಬೀಜದೊಳಗೆ. ಪೂರ್ತಿ ಹಣ್ಣಾಗಿ ಬಣ್ಣ ತಿರುಗಿದ ಮೇಲೆ, ಒಡೆಯುವ ಮೊದಲು ಕೊಯ್ದು, ಕೆಂಪು ತಿರುಳು ತೊಳೆದು ನೆರಳಲ್ಲಿ ಒಣಗಿಸಿ. ಹೊಸ ಬೀಜ ಸುಪ್ತವಾಗಿರುತ್ತದೆ, ಆಗಲೇ ಬಿತ್ತಿದರೆ ಹುಟ್ಟುವುದು ಕಡಿಮೆ. ಮುಂದಿನ ಮೇ ತಿಂಗಳಲ್ಲಿ, ತುದಿಯ ಚಿಪ್ಪು ತುಸು ಚಿವುಟಿ ಬಿತ್ತಿ. ಪ್ರತಿ ತಂದೆಗೆ 15–20 ಸಸಿ ಬೇಕು, ಸುಮಾರು ಅರ್ಧ ಗಂಡಾಗುತ್ತವೆ. ಮೊದಲ ವರ್ಷದ ಫಸಲು ನಂಬಬೇಡಿ. ಗಡ್ಡೆ ಬಲಿತ ಎರಡನೇ ವರ್ಷದಲ್ಲಿ ಕಾಯಿ ಎಣಿಸಿ, ತೂಗಿ, ಬೀಜ ಎಷ್ಟು ದಿನಕ್ಕೆ ಗಟ್ಟಿಯಾಯಿತೆಂದು ಬರೆದಿಡಿ.

ಅಲ್ಲಿಯವರೆಗೆ ಮೂರೂ ಗಂಡುಗಳ ಗಡ್ಡೆ ಜೀವಂತ ಇರಬೇಕು. ಮುರ (ಜಂಬಿಟ್ಟಿಗೆ) ಮಣ್ಣಾದರೂ ತಗ್ಗಿನಲ್ಲಿ ನೀರು ನಿಂತರೆ ಕೊಳೆಯುತ್ತವೆ. ಒಂದು ಅಡಿ ಎತ್ತರದ ದಿಬ್ಬ, ಹೆಸರು ಬರೆದ ಗೂಟ, ಒಂದೊಂದರ ತುಂಡು ಬೇರೆ ಕುಂಡದಲ್ಲಿ. ಸೋತ ಗಂಡನ್ನು ತೆಗೆಯುವಾಗ ಬಳ್ಳಿ ಕತ್ತರಿಸಿದರೆ ಸಾಲದು, ಗಡ್ಡೆಯ ಚೂರೂ ಬಿಡದೆ ಅಗೆಯಿರಿ, ಇಲ್ಲವಾದರೆ ಮುಂದಿನ ಮಳೆಗೆ ಅದೇ ಚಪ್ಪರ ಏರುತ್ತದೆ.